ಔಷಧಿ ಅಂಗಡಿ ಚಂದ್ರಶೇಖರಯ್ಯನವರ ಒಂಟಿ ಸೀನು

ಹೊಳೆನರಸೀಪುರದ ಪೇಟೆಬೀದಿಯಲ್ಲಿ ನಿಂತು ಔಷಧಿ ಅಂಗಡಿ ಚಂದ್ರಶೇಖರಯ್ಯ ಎಂದು ಕೇಳಿದರೆ ಯಾರು ಬೇಕಾದರೂ ದಾರಿ ತೋರಿಸುತ್ತಾರೆ. ಊರಿಗೆ ಹೊಸಬರು ಮಾತ್ರ ತಲೆನೋವಿನ ಮಾತ್ರೆಗೆಂದು ಅಲ್ಲಿಗೆ ಹೋಗಿ, ಸಾಲಾಗಿ ಪೇರಿಸಿದ ಯೂರಿಯಾ ಮೂಟೆಗಳನ್ನು ನೋಡಿ, ಪೆಚ್ಚುಮೋರೆ ಹಾಕಿಕೊಂಡು ಹಿಂದಿರುಗುತ್ತಾರೆ. ಅದು ಮನುಷ್ಯರ ಔಷಧಿಯ ಅಂಗಡಿಯಲ್ಲ; ಗೊಬ್ಬರ, ಬಿತ್ತನೆ ಬೀಜ, ಪೈರಿಗೆ ಹೊಡೆಯುವ ಔಷಧಿ ಮಾರುವ ಅಂಗಡಿ. ಆದರೆ ನಮ್ಮ ಕಡೆ ಎರಡಕ್ಕೂ ಒಂದೇ ಹೆಸರು, ಔಷಧಿ. ಈ ಒಂದು ಪದ ಒಂದು ಭಾನುವಾರ ಎಷ್ಟು ಕೆಲಸ ಮಾಡಿತು ಎಂಬುದನ್ನು ಹೇಳುವುದಕ್ಕೇ ಈ ಕಥೆ.

ಚಂದ್ರಶೇಖರಯ್ಯನವರು ಮೂವತ್ತು ವರ್ಷದ ವ್ಯಾಪಾರದಲ್ಲಿ ಗಳಿಸಿದ ಜ್ಞಾನವನ್ನೆಲ್ಲ ಒಂದು ರಟ್ಟಿನ ಮೇಲೆ ಕೆಂಪು ಬಣ್ಣದಲ್ಲಿ ಬರೆದು ತಮ್ಮ ಕುರ್ಚಿಯ ಹಿಂದೆ ನೇತುಹಾಕಿದ್ದರು: ‘ಹೆಸರು ನೋಡಬೇಡಿ, ಒಳಗಿನ ಮದ್ದು ನೋಡಿ.’ ಇದಕ್ಕೆ ಕಾರಣ ಹೊಳೆಯಾಚೆಯ ರೈತ ಕೃಷ್ಣಪ್ಪ. ಆತ ಒಂದು ವರ್ಷ ಮೆಣಸಿನ ಗಿಡದ ಮುದುಡು ರೋಗಕ್ಕೆಂದು ಮೂರು ಅಂಗಡಿಯಲ್ಲಿ ಮೂರು ಕಂಪನಿಯ ಡಬ್ಬಿ ತಂದು, ಮೂರನ್ನೂ ಒಂದೇ ಕ್ಯಾನಿಗೆ ಸುರಿದು ಹೊಡೆದಿದ್ದ. ವಾರದೊಳಗೆ ಮುದುಡೂ ಇರಲಿಲ್ಲ, ಮೆಣಸಿನ ಗಿಡವೂ ಇರಲಿಲ್ಲ. ಚಂದ್ರಶೇಖರಯ್ಯನವರು ಕನ್ನಡಕ ಹಾಕಿಕೊಂಡು ಮೂರು ಡಬ್ಬಿಯ ಸಣ್ಣಕ್ಷರವನ್ನೂ ಓದಿ, ಮೂರರಲ್ಲಿದ್ದದ್ದೂ ಒಂದೇ ಮದ್ದು ಎಂದು ಕಂಡುಹಿಡಿದರು. ಅಂದಿನಿಂದ ಅಂಗಡಿಗೆ ಬಂದವರಿಗೆಲ್ಲ ಮೊದಲು ಈ ಉಪನ್ಯಾಸ, ಆಮೇಲೆ ವ್ಯಾಪಾರ.

ಇಂಥ ಜ್ಞಾನಿಗೂ ಒಂದು ಕೊರತೆಯಿತ್ತು. ಅವರಿಗೆ ಸೀನು ಒಂದೊಂದೇ ಬರುತ್ತಿತ್ತು. ಒಂಟಿ ಸೀನು ಅಪಶಕುನ, ಜೋಡಿ ಸೀನು ಶುಭ ಎಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಗೊಬ್ಬರದ ಧೂಳಿಗೆ ಅವರು ಅಂಗಡಿಯಲ್ಲಿ ಸೀನಿದರೆ ಬೀಜ ಕೊಳ್ಳಲು ಬಂದ ರೈತರು, ‘ಇನ್ನೊಂದ್ ಬರ್ಲಿ ತಡೀರಿ ಸಾ’ ಎಂದು ಕೈಚೀಲ ಹಿಡಿದು ಕಾಯುತ್ತಿದ್ದರು. ಇನ್ನೊಂದು ಬರುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಮಗಳು ಪ್ರತಿಭಾಳನ್ನು ನೋಡಲು ಅರಕಲಗೂಡಿನಿಂದ ಗಂಡಿನವರು ಬಂದಿದ್ದರು. ಎಲ್ಲ ಮುಗಿದು ಹುಡುಗನ ಸೋದರಮಾವ, ‘ಹಾಗಾದ್ರೆ ನಮ್ಮ ಕಡೆಯಿಂದ’ ಎಂದು ಬಾಯಿ ತೆರೆದ ಗಳಿಗೆಗೆ ಸರಿಯಾಗಿ ಚಂದ್ರಶೇಖರಯ್ಯನವರು ಸೀನಿದರು. ಒಂದು. ಬಂದವರು ಮರ್ಯಾದಸ್ಥರು, ಎರಡನೆಯದಕ್ಕೆ ಕಾದರು. ಒಂದು ಲೋಟ ಕಾಫಿ ಕುಡಿದು ಮುಗಿಸುವವರೆಗೆ ಕಾದರು. ಆಮೇಲೆ ಫೋನ್ ಮಾಡುತ್ತೇವೆ ಎಂದು ಎದ್ದುಹೋದರು. ಆ ಫೋನೂ ಬರಲಿಲ್ಲ.

‘ಒಳ್ಳೇದೇ ಆಯ್ತು ಬಿಡಿ ಅಪ್ಪಾಜಿ’ ಎಂದಿದ್ದಳು ಪ್ರತಿಭಾ. ಆದರೆ ಈ ಸಲ ಹಾಗೆನ್ನುವ ಸ್ಥಿತಿಯಲ್ಲಿ ಅವಳು ಇರಲಿಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಅವಳಿಗೂ ವಿದ್ಯುತ್ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದ ಚನ್ನರಾಯಪಟ್ಟಣದ ರಜನೀಶನಿಗೂ ಹಿಂದಿನ ಚುನಾವಣೆಯಲ್ಲಿ ದುದ್ದದ ಒಂದೇ ಮತಗಟ್ಟೆಯಲ್ಲಿ ಡ್ಯೂಟಿ ಬಿದ್ದಿತ್ತು. ಅವನು ಪಟ್ಟಿಯಲ್ಲಿ ಹೆಸರು ಹುಡುಕುವುದು, ಇವಳು ಬೆರಳಿಗೆ ಶಾಯಿ ಹಚ್ಚುವುದು. ಸಂಜೆ ಹೊತ್ತಿಗೆ ಎಂಟುನೂರು ಬೆರಳು ಮುಗಿಯುವಷ್ಟರಲ್ಲಿ ಇಬ್ಬರಿಗೂ ಒಪ್ಪಿಗೆಯಾಗಿತ್ತು. ಎರಡೂ ಮನೆಯವರು ಒಂದೇ ಮಠದ ಭಕ್ತರು, ಜಾತಕವೂ ಕೂಡಿತ್ತು. ಇನ್ನು ಉಳಿದದ್ದು ಶಿವಗಂಗಮ್ಮನವರು ಮಾತ್ರ.

ಶಿವಗಂಗಮ್ಮ ರಜನೀಶನ ಅಜ್ಜಿ. ಎಪ್ಪತ್ತಾರು ವರ್ಷ. ಆ ಮನೆಯಲ್ಲಿ ಅವರ ಮಾತೇ ಮಾತು. ಬೆಕ್ಕು ಅಡ್ಡ ಬಂತೆಂದು ಹತ್ತಿದ್ದ ಶ್ರವಣಬೆಳಗೊಳದ ಬಸ್ಸನ್ನು ನಿಲ್ಲಿಸಿ ಇಳಿದು ಮನೆಗೆ ಬಂದವರು. ರಜನೀಶ ಇದನ್ನೆಲ್ಲ ಪ್ರತಿಭಾಳಿಗೆ ಹೇಳಿದ, ಪ್ರತಿಭಾ ತಾಯಿ ಗಂಗಾಂಬಿಕೆಗೆ ಹೇಳಿದಳು, ಗಂಗಾಂಬಿಕೆ ಗಂಡನಿಗೆ ಹೇಳಿದರು.

‘ರೀ, ಭಾನುವಾರ ಹತ್ತು ಗಂಟೆಗೆ ಬರ್ತಾರೆ. ಆ ಅಜ್ಜಿ ಮುಂದೆ ಮಾತ್ರ ಸೀನ್ಬೇಡಿ.’

‘ಸೀನೇನು ನಾನು ಕರೆದು ಬರೋದಾ?’ ಎಂದರು ಚಂದ್ರಶೇಖರಯ್ಯನವರು. ಹಾಗೆನ್ನುತ್ತಲೇ ಸೀನಿದರು. ಅದು ಗುರುವಾರ. ಶುಕ್ರವಾರ ಮೂಗು ಸೋರಿತು, ಶನಿವಾರ ಹಣೆ ಭಾರವಾಯಿತು. ಶನಿವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ಮೂಗು ತಿಕ್ಕಿದ ಕೂಡಲೇ ಪ್ರತಿಭಾಳ ಕೈಯ ತುತ್ತು ಅಲ್ಲೇ ನಿಂತಿತು. ಆ ಸಂಜೆಯೇ ಚಂದ್ರಶೇಖರಯ್ಯನವರು ಯುದ್ಧಕ್ಕೆ ಹೊರಟರು.

ಮೊದಲು ಹೋದದ್ದು ಬಸ್ ಸ್ಟ್ಯಾಂಡ್ ಹತ್ತಿರದ ಮೆಡಿಕಲ್ ಸ್ಟೋರಿಗೆ. ಅಲ್ಲಿದ್ದ ಹೆಣ್ಣುಮಗಳು ಹಳದಿ ಮಾತ್ರೆಯ ಒಂದು ಪಟ್ಟಿ ತೆಗೆದಿಟ್ಟು, ‘ಬಿಪಿ, ಶುಗರ್ ಏನಾದ್ರೂ ಇದೆಯಾ ಸರ್?’ ಎಂದು ಕೇಳಿದಳು.

ಬಿಪಿ ಇತ್ತು, ಎಂಟು ವರ್ಷದಿಂದ ದಿನಾ ಬೆಳಿಗ್ಗೆ ಒಂದು ಮಾತ್ರೆ. ಆದರೆ ಪಕ್ಕದಲ್ಲಿ ನಿಂತಿದ್ದ ಒಬ್ಬ ದಪ್ಪ ಮನುಷ್ಯ ಫೋನಿನಲ್ಲಿ, ‘ಇನ್ನೊಂದು ಗಂಟೆಯಲ್ಲಿ ಚನ್ನರಾಯಪಟ್ಟಣದಲ್ಲಿರ್ತೀನಿ’ ಎನ್ನುತ್ತಿದ್ದ. ಬೀಗರ ಕಡೆಯವನೇ ಆಗಿದ್ದರೆ? ಹೆಣ್ಣಿನ ತಂದೆ ಕಾಯಿಲೆಯವನು ಎಂದು ಇವತ್ತೇ ಅಲ್ಲಿ ಸುದ್ದಿಯಾದರೆ?

‘ಬಿಪಿನಾ? ನಮ್ಮ ವಂಶದಲ್ಲೇ ಯಾರಿಗೂ ಇಲ್ಲಮ್ಮ’ ಎಂದು ಇಡೀ ಅಂಗಡಿಗೆ ಕೇಳುವಂತೆ ಹೇಳಿದರು. ಆ ಮನುಷ್ಯ ತೆಂಗಿನಕಾಯಿ ಲಾರಿಯ ಡ್ರೈವರ್ ಎಂಬುದು ಆತ ಲಾರಿ ಹತ್ತಿದ ಮೇಲೆ ಗೊತ್ತಾಯಿತು.

‘ಊಟ ಆದ್ಮೇಲೆ ಒಂದು, ದಿನಕ್ಕೆ ಮೂರರ ಮೇಲೆ ಬೇಡ. ಇದು ಕಾಂಬಿನೇಷನ್ ಸರ್. ಮೂಗು ಕಟ್ಟಿರೋದಕ್ಕೆ, ಸೀನಿಗೆ, ಜ್ವರಕ್ಕೆ ಎಲ್ಲದಕ್ಕೂ ಇದರಲ್ಲೇ ಇದೆ. ಇದರ ಜೊತೆ ಬೇರೆ ಶೀತದ ಮಾತ್ರೆ ತಗೋಬೇಡಿ’ ಎಂದಳು ಆ ಹೆಣ್ಣುಮಗಳು.

ಈ ಮಾತನ್ನು ಚಂದ್ರಶೇಖರಯ್ಯನವರು ಬಹಳ ಶ್ರದ್ಧೆಯಿಂದ ಕೇಳಿಸಿಕೊಂಡರು. ಅದನ್ನು ಅಕ್ಷರಶಃ ಪಾಲಿಸಿದರು ಎಂದೂ ಹೇಳಬೇಕು. ಎಲ್ಲದಕ್ಕೂ ಒಂದೇ ಎನ್ನುವ ಔಷಧಿಯನ್ನು ಅವರು ತಮ್ಮ ವ್ಯಾಪಾರದಲ್ಲಿ ಎಂದೂ ನಂಬಿದವರಲ್ಲ. ಎಲೆಗೆ ಬೇರೆ, ಬೇರಿಗೆ ಬೇರೆ, ಕಾಯಿಗೆ ಬೇರೆ. ಬೇರೆ ‘ಶೀತದ ಮಾತ್ರೆ’ ತಗೋಬೇಡಿ ಎಂದಳಲ್ಲವೆ? ಸರಿ, ತಗೊಳ್ಳುವುದಿಲ್ಲ. ಸೀನಿನ ಮಾತ್ರೆ ತಗೊಳ್ಳಬಾರದು ಎಂದೇನೂ ಅವಳು ಹೇಳಲಿಲ್ಲ. ಹೀಗೆ ಯೋಚಿಸಿ ಅವರು ಕೋಟೆ ಬೀದಿಯ ಇನ್ನೊಂದು ಮೆಡಿಕಲ್ಲಿಗೆ ಹೋಗಿ, ಶೀತದ ಸುದ್ದಿಯನ್ನೇ ಎತ್ತದೆ, ‘ಸೀನಿನ ಅಲರ್ಜಿಗೆ ಒಂದು ಕೊಡಿ’ ಎಂದರು. ಬಿಳಿ ಮಾತ್ರೆ ಸಿಕ್ಕಿತು. ಮೂಗಿಗೆಂದು ಬೇರೆಯಾಗಿ ಒಂದು ಡ್ರಾಪ್ಸ್ ತೆಗೆದುಕೊಂಡರು.

ಮನೆಗೆ ಬರುವಾಗ ಪಕ್ಕದ ಮನೆಯ ಪುಟ್ಟಸ್ವಾಮಿ ಗೇಟಿನಲ್ಲಿ ನಿಂತಿದ್ದರು. ಇವರು ಬಸ್ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಇಪ್ಪತ್ತೊಂಬತ್ತು ವರ್ಷ ಬಸ್ಸಿನ ಗಾಳಿ ಕುಡಿದ ತಮಗೆ ಶೀತದ ವಿಷಯ ಗೊತ್ತಿರುವಷ್ಟು ಯಾವ ಡಾಕ್ಟರಿಗೂ ಗೊತ್ತಿಲ್ಲ ಎಂಬುದು ಅವರ ದೃಢ ನಂಬಿಕೆ.

‘ಅವೆಲ್ಲ ನಾಟಲ್ಲ ಅಯ್ನೋರೆ. ಇದ ತಗಳಿ’ ಎಂದು ಜೇಬಿನಿಂದ ಗುಲಾಬಿ ಬಣ್ಣದ ಮಾತ್ರೆಯ ಅರ್ಧ ಪಟ್ಟಿ ಕೊಟ್ಟರು. ‘ಮೈಕೈ ನೋವು, ತಲೆಭಾರ, ಒಂದೇ ಏಟ್ಗೆ ಇಳಿತದೆ. ನಾನು ಧರ್ಮಸ್ಥಳದ ರೂಟಲ್ಲಿ ಇದ್ರಲ್ಲೇ ಬದ್ಕಿದ್ದು.’

ಮೈಕೈ ನೋವಿನ ಮಾತ್ರೆ ಶೀತದ ಮಾತ್ರೆಯಲ್ಲವಲ್ಲ. ಚಂದ್ರಶೇಖರಯ್ಯನವರು ಅದನ್ನೂ ಇಟ್ಟುಕೊಂಡರು.

ಶನಿವಾರ ಸಂಜೆ ಒಂದು ಹಳದಿ. ಊಟದ ಮೇಲೆ ಒಂದು ಹಳದಿ, ಒಂದು ಬಿಳಿ. ಭಾನುವಾರ ಬೆಳಿಗ್ಗೆ ಆರಕ್ಕೆ ಹಳದಿ, ಬಿಳಿ, ಗುಲಾಬಿ ಮೂರೂ ಒಂದೊಂದು, ಮೂಗಿಗೆ ಡ್ರಾಪ್ಸ್, ಮೇಲೆ ಹೋದ ವರ್ಷದ ಕೆಮ್ಮಿನ ಸಿರಪ್ಪು ಬೀರುವಿನಲ್ಲಿ ಉಳಿದದ್ದು ಎರಡು ಮುಚ್ಚಳ. ಎಂಟೂವರೆಗೆ ಭದ್ರತೆಗಾಗಿ ಇನ್ನೊಂದು ಹಳದಿ, ಇನ್ನೊಂದು ಬಿಳಿ. ಬಿಪಿ ಮಾತ್ರೆಯನ್ನು ಮಾತ್ರ ಆ ದಿನ ತೆಗೆದುಕೊಳ್ಳಲಿಲ್ಲ. ಹೆಚ್ಚು ಮಾತ್ರೆ ನುಂಗುವುದು ದೇಹಕ್ಕೆ ಒಳ್ಳೆಯದಲ್ಲ ಎಂದು ಅವರಿಗೆ ಅನ್ನಿಸಿತ್ತು.

ಫಲ ಕಣ್ಣಿಗೆ ಕಾಣುವಂತಿತ್ತು. ಒಂಬತ್ತು ಗಂಟೆಗೆ ಸೀನು ಪೂರ್ತಿ ನಿಂತಿತು. ಚಂದ್ರಶೇಖರಯ್ಯನವರು ಒಗ್ಗರಣೆಯ ಹೊಗೆ ತುಂಬಿದ ಅಡುಗೆಮನೆಗೇ ಹೋಗಿ ನಿಂತು ಪರೀಕ್ಷೆ ಮಾಡಿದರು. ಉಪ್ಪಿಟ್ಟಿಗೆ ಮೆಣಸಿನಕಾಯಿ ಹುರಿಯುತ್ತಿದ್ದ ಗಂಗಾಂಬಿಕೆ ಎರಡು ಸಲ ಸೀನಿದರು, ಇವರು ಒಂದೂ ಇಲ್ಲ. ‘ನೋಡಿದ್ಯಾ’ ಎನ್ನಲು ಹೋದರು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು.

ನೀರು ಕುಡಿದರು, ಐದು ನಿಮಿಷಕ್ಕೆ ಮತ್ತೆ ಅಂಟಿತು. ಒಂಬತ್ತೂಕಾಲಿಗೆ ಕಣ್ಣು ಎಳೆಯತೊಡಗಿತು. ಇಸ್ತ್ರಿ ಮಾಡಿದ ಬಿಳಿ ಪಂಚೆ, ಹಣೆಗೆ ವಿಭೂತಿ, ಹಜಾರದ ಕುರ್ಚಿಯ ಮೇಲೆ ಕೂತವರು ಹಾಗೇ ಎಡಕ್ಕೆ ವಾಲಿದರು. ನಿದ್ದೆ ಬರುತ್ತಿದೆ, ಆದರೆ ಎದೆ ಮಾತ್ರ ಡವಡವ ಹೊಡೆದುಕೊಳ್ಳುತ್ತಿದೆ. ಕೈ ನಡುಗುತ್ತಿದೆ. ಬೆಳಗಿನಿಂದ ಮೂತ್ರಕ್ಕೂ ಸರಿಯಾಗಿ ಹೋಗಿಲ್ಲ ಎಂಬುದು ಆಗ ನೆನಪಾಯಿತು. ಕಾಫಿ ಲೋಟ ಜೋಡಿಸಲು ಬಂದ ಗಂಗಾಂಬಿಕೆ ಗಂಡನ ಮುಖ ನೋಡಿ ಲೋಟ ಕೆಳಗಿಟ್ಟರು.

‘ಏನಾಯ್ತ್ರೀ? ಬೆವರ್ತಿದೀರಲ್ಲ?’

‘ಎ... ಎದೆ’ ಎಂದಿಷ್ಟು ಬಂತು.

ಪ್ರತಿಭಾ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಸೀರೆ ಉಡುತ್ತಿದ್ದಳು. ಗಂಗಾಂಬಿಕೆ ಬೀದಿ ಬಾಗಿಲಿಗೆ ಓಡಿ ಪಕ್ಕದ ಮನೆಗೆ ಕೂಗಿದರು:

‘ಪುಟ್ಟಸ್ವಾಮಿಯವರೇ, ಬೇಗ ಬನ್ನಿ. ಇವರು ಔಷಧಿ ತಗೊಂಡ್ಬಿಟ್ಟವ್ರೆ. ಎದೆ ಹೊಡ್ಕೊತಿದೆ.’

ಈ ಮಾತು ಬೇರೆ ಯಾವ ಮನೆಯ ಬಾಗಿಲಲ್ಲಿ ಹೊರಟಿದ್ದರೂ ಚಿಂತೆಯಿರಲಿಲ್ಲ. ಇದು ಔಷಧಿ ಅಂಗಡಿ ಚಂದ್ರಶೇಖರಯ್ಯನವರ ಮನೆ. ನಮ್ಮ ತಾಲ್ಲೂಕಿನಲ್ಲಿ ಪೈರಿನ ಔಷಧಿ ಇರುವ ಮನೆಯಲ್ಲಿ ಒಬ್ಬರು ‘ಔಷಧಿ ತಗೊಂಡರು’ ಎಂದರೆ ಅದಕ್ಕೆ ಒಂದೇ ಅರ್ಥ, ಆ ಅರ್ಥ ಕೇಳಿ ಯಾರೂ ನಗುವುದಿಲ್ಲ. ಅಂಥ ಮಾತು ಕೇಳಿ ಓಡಿದ್ದು, ಕೆಲವು ಸಲ ಓಡಿಯೂ ತಡವಾದದ್ದು ಎಲ್ಲರಿಗೂ ನೆನಪಿರುತ್ತದೆ. ಅಂಗಡಿ ಮುಚ್ಚಿದೆಯಲ್ಲಾ, ಮನೆಯಲ್ಲೇ ಕೇಳೋಣ ಎಂದು ಆಗಷ್ಟೇ ಬೈಕ್ ನಿಲ್ಲಿಸುತ್ತಿದ್ದ ಮೆಣಸಿನ ಗಿಡದ ಕೃಷ್ಣಪ್ಪ ಒಂದೂ ಪ್ರಶ್ನೆ ಕೇಳದೆ ಬೈಕ್ ತಿರುಗಿಸಿ ಆಟೋ ತರಲು ಹೋದ.

ಕೃಷ್ಣಪ್ಪ ಆಟೋದವನಿಗೆ ಹೇಳಿದ, ಆಟೋದವನು ಟೀ ಅಂಗಡಿಗೆ ಹೇಳಿದ. ಎರಡು ನಿಮಿಷದಲ್ಲಿ ಹಜಾರದಲ್ಲಿ ಹನ್ನೆರಡು ಜನ ಸೇರಿದರು. ಎಲ್ಲರಿಗಿಂತ ಮುಂದೆ ಪುಟ್ಟಸ್ವಾಮಿ, ಕೈಯಲ್ಲಿ ಉಪ್ಪುನೀರಿನ ಚೊಂಬು.

‘ಯಾವ್ದ್ ತಗಂಡ್ರಿ ಅಯ್ನೋರೆ? ಎಲೆಗ್ ಒಡಿಯೋದೋ, ಬೇರ್ಗ್ ಆಕೋದೋ?’

ಚಂದ್ರಶೇಖರಯ್ಯನವರು ಮೂಗು ತೋರಿಸಿ, ‘ಮೂ... ಮೂ...’ ಎಂದರು. ನಾಲಿಗೆ ಮುಂದಕ್ಕೆ ಹೊರಳಲಿಲ್ಲ.

‘ಮೂರ್ ಡಬ್ಬಿಯಂತೆ’ ಎಂದರು ಪುಟ್ಟಸ್ವಾಮಿ, ಹಿಂದಿದ್ದವರ ಕಡೆ ತಿರುಗಿ.

‘ಶೀ... ಶೀ...’ ಎಂದು ಅವರು ಇನ್ನೊಂದು ಪ್ರಯತ್ನ ಮಾಡಿದರು. ಶೀತ ಎನ್ನಬೇಕಾಗಿತ್ತು. ಆದರೆ ಹಣೆಯ ಮೇಲೆ ವಿಭೂತಿ ಇರುವ ಮನುಷ್ಯ ಕಣ್ಣು ಎಳೆಯುತ್ತಾ ಹಾಗೆಂದರೆ ಕೇಳುವವರಿಗೆ ಬೇರೆಯೇ ಕೇಳಿಸುತ್ತದೆ.

‘ಶಿವಾ ಶಿವಾ ಅಂತಾವ್ರೆ ಕಣ್ರಲಾ, ಎತ್ರಿ ಬೇಗ’ ಎಂದ ಕೃಷ್ಣಪ್ಪ. ಅವನ ಕಣ್ಣಲ್ಲಿ ನೀರಿತ್ತು. ಐದು ಜನ ಅವರನ್ನು ಕುರ್ಚಿ ಸಮೇತ ಎತ್ತಿದರು, ಬಾಗಿಲಲ್ಲಿ ಕುರ್ಚಿ ಸಿಕ್ಕಿಕೊಂಡಾಗ ಕುರ್ಚಿ ಬಿಟ್ಟು ಅವರನ್ನಷ್ಟೇ ಎಳೆದುಕೊಂಡರು. ಉಪ್ಪುನೀರು ಹೊಟ್ಟೆಗೆ ಹೋಗದೆ ಇಸ್ತ್ರಿಯ ಅಂಗಿಯ ಮೇಲೆ ಚೆಲ್ಲಿತು, ಅದೊಂದು ಪುಣ್ಯ. ಪ್ರತಿಭಾ ಅರ್ಧ ನೆರಿಗೆ ಹಿಡಿದು ಹೊರಗೆ ಬಂದು, ‘ಶೀತದ ಮಾತ್ರೆ ತಗೊಂಡಿರೋದು ಕಣ್ರೀ, ಬರೀ ಶೀತದ ಮಾತ್ರೆ’ ಎಂದು ಕೂಗುವ ಹೊತ್ತಿಗೆ ಆಟೋ ಬೀದಿಯ ತಿರುವಿನಲ್ಲಿತ್ತು. ಅವಳು ಒಳಗೆ ಓಡಿ ಸಿಕ್ಕಿದ ಪಟ್ಟಿ, ಸೀಸೆಗಳನ್ನೆಲ್ಲ ಒಂದು ಸ್ಟೀಲ್ ಡಬ್ಬಿಗೆ ತುಂಬಿ ತಾಯಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊರಟಳು.

ಸರಿಯಾಗಿ ಹತ್ತು ಗಂಟೆಗೆ ಚನ್ನರಾಯಪಟ್ಟಣದ ಕಾರು ಬೀದಿಗೆ ಬಂತು. ಮುಂದಿನ ಸೀಟಿನಲ್ಲಿ ಶಿವಗಂಗಮ್ಮ, ಮಡಿಲಲ್ಲಿ ಎಲೆಅಡಿಕೆ ಚೀಲ. ಹಿಂದೆ ರಜನೀಶನ ತಂದೆತಾಯಿ. ಕಾರು ಓಡಿಸುತ್ತಿದ್ದವನು ರಜನೀಶ. ಬೀದಿಯ ತುಂಬ ಜನ ನೋಡಿ ಅವನು ಗಾಜು ಇಳಿಸಿ, ಚಂದ್ರಶೇಖರಯ್ಯನವರ ಮನೆ ಯಾವುದು ಎಂದು ಟೀ ಅಂಗಡಿಯವನನ್ನು ಕೇಳಿದ.

‘ಯಾವ್ ಮನೆ ಸಾ ಇನ್ನ. ಅಯ್ನೋರು ಮೂರ್ ಡಬ್ಬಿ ಔಷಧಿ ತಗಂಬುಟ್ಟವ್ರೆ, ಈಗ ಆಸ್ಪತ್ರೆಗ್ ಒತ್ಕಂಡೋದ್ರು. ಯಾರೋ ಚನ್ರಾಯಪಟ್ಣದೋರು ಎಣ್ ನೋಡಕ್ ಬತ್ತಾವ್ರಂತೆ, ಆ ಸಂಬಂಧ ಒಪ್ಗೆ ಇರ್ನಿಲ್ವಂತೆ.’

ರಜನೀಶನ ಕೈ ಸ್ಟಿಯರಿಂಗ್ ಮೇಲೆ ಹಾಗೇ ನಿಂತಿತು. ಅವನ ತಂದೆ ಮೆಲ್ಲಗೆ, ‘ಅವ್ವಾ, ವಾಪಸ್ ಹೋಗೋದೇ ವಾಸಿ ಅನ್ಸುತ್ತೆ’ ಎಂದರು.

‘ಬೆಕ್ಕು ಅಡ್ಡ ಬಂದಿದ್ರೆ ವಾಪಸ್ ಓಗ್ಬೋದಾಗಿತ್ತು ಕಣಪ್ಪ’ ಎಂದರು ಶಿವಗಂಗಮ್ಮ. ‘ಮನುಷ್ಯ ಅಡ್ಡ ಬಿದ್ದವ್ನೆ. ಆಸ್ಪತ್ರೆ ಎಲ್ಲೈತೆ ಕೇಳು.’

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಅಂದು ಡ್ಯೂಟಿಯಲ್ಲಿದ್ದ ನರ್ಸ್ ಮೇಘಶ್ರೀ. ಕೃಷ್ಣಪ್ಪ ಬಾಗಿಲಲ್ಲೇ ‘ಪಾಯಿಸನ್ ಕೇಸು’ ಎಂದು ಕೂಗಿದ್ದರಿಂದ ಅವಳು ಹೊಟ್ಟೆ ತೊಳೆಯುವ ನಳಿಕೆ ಸಿದ್ಧ ಮಾಡಿಕೊಂಡೇ ಬಂದಳು. ಮಾರುದ್ದದ ಆ ನಳಿಕೆಯನ್ನು ನೋಡಿದ ಕೂಡಲೇ ಚಂದ್ರಶೇಖರಯ್ಯನವರ ನಿದ್ದೆ ಹಾರಿಹೋಯಿತು. ನೀರು ಬೇಕೆಂದು ಸನ್ನೆ ಮಾಡಿ, ನಾಲಿಗೆ ನೆನೆಸಿಕೊಂಡು, ಬೆಳಗಿನಿಂದ ಮೊದಲ ಬಾರಿಗೆ ಒಂದು ಪೂರ್ತಿ ವಾಕ್ಯ ಹೇಳಿದರು:

‘ನನಗೆ ಶೀತ.’

‘ಅಯ್ನೋರಿಗೆ ಬುದ್ಧಿ ಭ್ರಮಣೆ ಆಗದೆ’ ಎಂದರು ಪುಟ್ಟಸ್ವಾಮಿ.

ಅಷ್ಟರಲ್ಲಿ ಪ್ರತಿಭಾ ಡಬ್ಬಿ ತಂದಳು. ಮೇಘಶ್ರೀ ಅದನ್ನು ಮೇಜಿನ ಮೇಲೆ ಮಗುಚಿ ಹಳದಿ, ಬಿಳಿ, ಗುಲಾಬಿ ಪಟ್ಟಿಗಳನ್ನು, ಸಿರಪ್ಪು, ಡ್ರಾಪ್ಸುಗಳನ್ನು ಸಾಲಾಗಿ ಇಟ್ಟಳು. ಒಂದೊಂದನ್ನೇ ಬೆಳಕಿಗೆ ಹಿಡಿದು ಹಿಂಬದಿಯ ಸಣ್ಣಕ್ಷರ ಓದಿದಳು. ಬಾಗಿಲ ಬಳಿ ಶಿವಗಂಗಮ್ಮ, ರಜನೀಶ, ಅವನ ತಂದೆತಾಯಿ ಬಂದು ನಿಂತದ್ದನ್ನು ಯಾರೂ ಗಮನಿಸಲಿಲ್ಲ.

‘ಅಂಕಲ್, ನಮ್ಮಪ್ಪ ಔಷಧಿ ತರೋದು ನಿಮ್ಮ ಅಂಗಡಿಯಲ್ಲೇ. ನಿಮ್ಮ ಹಿಂದಿರೋ ಬೋರ್ಡಲ್ಲಿ ಏನು ಬರೆದಿದೀರಿ?’ ಎಂದಳು ಮೇಘಶ್ರೀ.

ಚಂದ್ರಶೇಖರಯ್ಯನವರು ಗೋಡೆಯ ಕಡೆ ಮುಖ ತಿರುಗಿಸಿದರು.

‘ಎಸ್ರು ನೋಡ್ಬ್ಯಾಡಿ, ಒಳಗಿನ ಮದ್ದು ನೋಡಿ’ ಎಂದು ಕೃಷ್ಣಪ್ಪ ಪಾಠ ಒಪ್ಪಿಸಿದ.

‘ಹಳದೀಲಿ ಪ್ಯಾರಾಸಿಟಮಾಲ್, ಮೂಗು ಬಿಡಿಸೋ ಮದ್ದು, ಸೀನು ನಿಲ್ಲಿಸೋ ಮದ್ದು. ಬಿಳೀಲಿ ಅವೇ ಮೂರು. ಗುಲಾಬೀಲಿ ಅವೇ ಮೂರು, ಜೊತೆಗೆ ಕಾಫಿಯೊಳಗಿನ ಕೆಫಿನ್. ಸಿರಪ್ಪಲ್ಲಿ ಅವುಗಳಲ್ಲೇ ಎರಡು. ಡ್ರಾಪ್ಸೂ ಮೂಗು ಬಿಡಿಸೋದೇ. ಕಂಪನಿ ಐದು, ಮದ್ದು ಒಂದೇ. ಒಟ್ಟು ಎಷ್ಟು ನುಂಗಿದ್ರಿ?’

‘ಎಂಟು’ ಎಂದರು ಚಂದ್ರಶೇಖರಯ್ಯನವರು ಸಣ್ಣ ದನಿಯಲ್ಲಿ.

‘ನಿನ್ನೆ ಸಂಜೆಯಿಂದ ಎಂಟು. ಮೆಣಸಿನ ಗಿಡಕ್ಕೆ ಆದದ್ದೇ ಇದು.’

ಕೃಷ್ಣಪ್ಪ ತಲೆ ತಗ್ಗಿಸಿದ. ಗುಲಾಬಿ ಮಾತ್ರೆ ತನ್ನದೆಂಬುದು ಪುಟ್ಟಸ್ವಾಮಿಗೆ ಆಗ ಹೊಳೆಯಿತು. ‘ಅದ್ರಿಂದ ಏನೂ ಆಗಿಲ್ಲ ಕಣಮ್ಮ. ಅದು ಬಾಳ ಒಳ್ಳೆ ಮಾತ್ರೆ. ಆಗಿದ್ರೆ ಬಿಳೀದ್ರಿಂದ್ಲೇ ಆಗಿರ್ಬೇಕು’ ಎಂದರು. ಅವರನ್ನು ಹೊರಗೆ ಕಳಿಸಲಾಯಿತು.

ಡ್ಯೂಟಿ ಡಾಕ್ಟರು ಬಂದು ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡಿದರು. ನೂರ ತೊಂಬತ್ತು, ನೂರ ಹತ್ತು. ಇಸಿಜಿ ಮಾಡಿಸಿ, ರಕ್ತ ತೆಗೆದು, ಲಿವರ್ ಪರೀಕ್ಷೆಗೆ ಬರೆದರು. ಮೂಗು ಬಿಡಿಸುವ ಮದ್ದು ರಕ್ತನಾಳವನ್ನು ಬಿಗಿಮಾಡುತ್ತದೆ, ಬಿಪಿ ಇರುವವರು ಕೇಳದೆ ತೆಗೆದುಕೊಳ್ಳಬಾರದು. ಸೀನು ನಿಲ್ಲಿಸುವ ಮದ್ದಿನಿಂದ ನಿದ್ದೆ, ಬಾಯಿ ಒಣಗುವುದು, ಮೂತ್ರ ಕಟ್ಟುವುದು. ಪ್ಯಾರಾಸಿಟಮಾಲ್ ಮಿತಿ ಮೀರಿದರೆ ಲಿವರಿಗೆ ಏಟು. ಇದನ್ನೆಲ್ಲ ಅವರು ಬಸ್ಸಿನ ವೇಳಾಪಟ್ಟಿ ಹೇಳುವ ದನಿಯಲ್ಲಿ ಹೇಳಿ, ಕೊನೆಗೆ ಕೇಳಿದರು:

‘ಮೊದಲಿಂದ ಬಿಪಿ ಇದೆಯೇನ್ರಿ?’

ಚಂದ್ರಶೇಖರಯ್ಯನವರು ತಲೆಯೆತ್ತಿದಾಗ ಕಂಡದ್ದು ಬಾಗಿಲಲ್ಲಿ ನಿಂತ ಚನ್ನರಾಯಪಟ್ಟಣ. ಇಡೀ ಚನ್ನರಾಯಪಟ್ಟಣವೇ ನಿಂತಂತೆ ಅವರಿಗೆ ಕಂಡಿತು. ಎಲೆಅಡಿಕೆ ಚೀಲ ಹಿಡಿದ ಆ ಮುದುಕಿ ಯಾರೆಂದು ಯಾರೂ ಹೇಳಬೇಕಾಗಿರಲಿಲ್ಲ. ಇತ್ತ ಕಡೆ ಪ್ರತಿಭಾ, ನೆರಿಗೆ ಸರಿಯಾಗಿ ಸಿಕ್ಕಿಸಿಕೊಳ್ಳದ ಸೀರೆಯಲ್ಲಿ, ಬಿಕ್ಕುವುದೊಂದು ಬಾಕಿ. ಇಲ್ಲ ಎಂದುಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ಬೆಳಗಿನಿಂದ ಆದದ್ದೆಲ್ಲ ಆ ಒಂದು ‘ಇಲ್ಲ’ದಿಂದ ಎಂಬಷ್ಟು ತಿಳಿವಳಿಕೆ ಅವರಿಗೂ ಬಂದಿತ್ತು.

‘ಎಂಟು ವರ್ಷದಿಂದ ಇದೆ ಸಾರ್. ಮೆಡಿಕಲ್ಲಲ್ಲಿ ಇಲ್ಲ ಅಂದಿದ್ದೆ. ಇವರೆದುರು ಸೀನಬಾರದು ಅಂತ ಇಷ್ಟೆಲ್ಲ ನುಂಗಿದ್ದು’ ಎಂದರು. ‘ಮಗಳು ಆಸೆ ಪಟ್ಟಿರೋ ಸಂಬಂಧ.’

ಶಿವಗಂಗಮ್ಮ ನಿಧಾನವಾಗಿ ಒಳಗೆ ಬಂದರು. ಚೀಲದೊಳಗೆ ಕೈಹಾಕಿ, ಎಲೆ ಸರಿಸಿ, ಏನನ್ನೋ ತೆಗೆದು ಮೇಘಶ್ರೀಯ ಮೇಜಿನ ಮೇಲಿಟ್ಟರು. ಅದೇ ಹಳದಿ ಮಾತ್ರೆಯ ಪಟ್ಟಿ. ಎರಡು ಖಾಲಿಯಾಗಿದ್ದವು.

‘ನೋಡವ್ವ, ಇದೂ ಅದೇಯಾ? ಬೆಳಿಗ್ಗೆ ಒಂದ್ ನುಂಗ್ದೆ, ಕಾರಲ್ಲಿ ಒಂದ್ ನುಂಗ್ದೆ. ಮೂರ್ ದಿಸದಿಂದ ನೆಗಡಿ. ಎಣ್ಣಿನ ಮನೇಲಿ ನಾನೇ ಒಂಟಿ ಸೀನ್ ಸೀನ್ಬುಟ್ರೆ ಮಗೀಗೆ ಕೇಡಲ್ವಾ?’

‘ಅಜ್ಜಿ, ನಿಮಗೂ ಬಿಪಿ ಇದೆಯಾ?’

‘ಐತೆ’ ಎಂದರು ಶಿವಗಂಗಮ್ಮ, ಮೊಮ್ಮಗನ ಕಡೆ ನೋಡದೆ. ‘ಮನೇಲ್ ಯೋಳಿಲ್ಲ.’

ನೂರ ಎಪ್ಪತ್ತು ಇತ್ತು. ಅವರನ್ನು ಪಕ್ಕದ ಮಂಚದ ಮೇಲೆ ಮಲಗಿಸಿದರು.

ಹೀಗೆ ಆ ಭಾನುವಾರದ ಹೆಣ್ಣು ನೋಡುವ ಶಾಸ್ತ್ರ ಆಸ್ಪತ್ರೆಯ ವಾರ್ಡಿನಲ್ಲಿ ನಡೆಯಿತು. ಬೀಗರಾಗಬೇಕಾದ ಇಬ್ಬರೂ ಅಕ್ಕಪಕ್ಕದ ಮಂಚದಲ್ಲಿ ಏಳಬಾರದೆಂಬ ಕಟ್ಟಪ್ಪಣೆಯೊಂದಿಗೆ ಮಲಗಿದ್ದರು. ಗಂಗಾಂಬಿಕೆ ಮನೆಗೆ ಹೋಗಿ ಉಪ್ಪಿಟ್ಟು, ಕೇಸರಿಬಾತನ್ನು ಕ್ಯಾರಿಯರಿಗೆ ತುಂಬಿಸಿ ತಂದರು. ವಾರ್ಡಿನ ಉಳಿದ ಆರು ರೋಗಿಗಳಿಗೂ ಕೊಟ್ಟದ್ದರಿಂದ ಅವರೆಲ್ಲ ಹೆಣ್ಣಿನ ಕಡೆಯವರಾದರು. ಗಂಡಿಗೆ ಹೆಣ್ಣನ್ನು ತೋರಿಸುವ ಅಗತ್ಯವಿರಲಿಲ್ಲ, ಅವರಿಬ್ಬರೂ ರಕ್ತದ ರಿಪೋರ್ಟ್ ತರಲು ಲ್ಯಾಬಿಗೆ ಒಟ್ಟಿಗೇ ಹೋಗಿದ್ದರು. ಸ್ವಲ್ಪ ತಡಮಾಡಿಯೇ ಬಂದರು.

ಸಂಜೆ ಐದರ ಹೊತ್ತಿಗೆ ಚಂದ್ರಶೇಖರಯ್ಯನವರ ಬಿಪಿ ನೂರ ಐವತ್ತಕ್ಕೆ ಇಳಿಯಿತು. ಮೂತ್ರದ ತೊಂದರೆ ಕಳೆಯಿತು. ಲಿವರಿಗೆ ಏನೂ ಆದಂತಿಲ್ಲ, ಆದರೂ ರಾತ್ರಿ ಇಲ್ಲೇ ಇರಲಿ, ಬೆಳಿಗ್ಗೆ ಇನ್ನೊಂದು ಸಲ ರಕ್ತ ನೋಡೋಣ ಎಂದರು ಡಾಕ್ಟರು. ಶಿವಗಂಗಮ್ಮನವರು ಹೊರಡಬಹುದಾಗಿತ್ತು. ಅವರು ಮಂಚದ ಮೇಲೆ ಎದ್ದು ಕೂತು ಸೆರಗು ಸರಿಮಾಡಿಕೊಂಡರು. ಎಲ್ಲರೂ ಕಾಲುಗಡೆ ಬಂದು ನಿಂತರು. ಕಿಟಕಿಯಲ್ಲಿ ಪುಟ್ಟಸ್ವಾಮಿ, ಅವರ ಹೆಗಲ ಮೇಲಿಂದ ಕೃಷ್ಣಪ್ಪ.

‘ಆಗ್ಲಿ’ ಎಂದರು ಶಿವಗಂಗಮ್ಮ. ‘ನಮ್ಗೆ ಎಣ್ಣು ಒಪ್ಗೆ...’

ಬೆಳಗಿನಿಂದ ತಡೆದಿಟ್ಟ ಮದ್ದಿನ ಬಲ ಆ ಹೊತ್ತಿಗೆ ತೀರಿರಬೇಕು. ಚಂದ್ರಶೇಖರಯ್ಯನವರು ಮೂಗು ಹಿಡಿದರು, ತುಟಿ ಕಚ್ಚಿದರು, ಶಿವನನ್ನು ನಿಜವಾಗಿಯೇ ನೆನೆದರು. ಸೀನಿಬಿಟ್ಟರು. ಒಂದು.

ಗಂಗಾಂಬಿಕೆ ಕಣ್ಣು ಮುಚ್ಚಿಕೊಂಡರು. ಪ್ರತಿಭಾ ರಜನೀಶನ ಮುಖ ನೋಡಿದಳು. ಕಿಟಕಿಯಲ್ಲಿ ಕೃಷ್ಣಪ್ಪ ಪಿಸುದನಿಯಲ್ಲಿ, ‘ಇನ್ನೊಂದ್, ಸಾ, ಇನ್ನೊಂದ್’ ಎಂದು ಅಂಗಲಾಚಿದ. ಚಂದ್ರಶೇಖರಯ್ಯನವರು ಪ್ರಯತ್ನಪಟ್ಟರು. ದೀಪದ ಕಡೆ ನೋಡಿದರು, ಮೂಗು ಅರಳಿಸಿದರು. ಬರಲಿಲ್ಲ. ಮಗಳ ಬಾಳನ್ನು ಎರಡನೇ ಸಲ ತಾನೇ ಕೆಡಿಸಿದೆ ಎಂದು ಅವರ ಕಣ್ಣು ತುಂಬಿ ಬಂತು. ಮುಖ ಮರೆಸಿಕೊಳ್ಳಲು ಪಕ್ಕಕ್ಕೆ ಹೊರಳಿದರು.

ಆದ್ದರಿಂದ ಅವರೊಬ್ಬರಿಗೇ ಅದು ಕಂಡಿತು. ಶಿವಗಂಗಮ್ಮ ಎಲ್ಲರಿಗೂ ಬೆನ್ನು ಹಾಕಿ, ಚೀಲ ಹುಡುಕುವವರಂತೆ ಬಾಗಿ, ಸೆರಗಿನ ತುದಿಯನ್ನು ಬತ್ತಿಯ ಹಾಗೆ ಹೊಸೆದು ಮೂಗಿಗೆ ತೂರಿಸುತ್ತಿದ್ದರು. ಮರುಗಳಿಗೆ ಇಡೀ ವಾರ್ಡು ಬೆಚ್ಚುವಂತೆ ಸೀನಿದರು.

‘ಜೋಡಿ ಆಯ್ತು’ ಎಂದ ಕೃಷ್ಣಪ್ಪ ಕಿಟಕಿಯಿಂದ. ಆರು ರೋಗಿಗಳೂ ಹೌದೆಂದರು. ಪ್ರತಿಭಾ ನಿಂತಲ್ಲೇ ಅತ್ತುಬಿಟ್ಟಳು, ಗಂಗಾಂಬಿಕೆ ಉಳಿದ ಕೇಸರಿಬಾತನ್ನು ಹುಡುಕಿಕೊಂಡು ಹೊರಟರು.

ಆ ಗದ್ದಲದಲ್ಲಿ ಚಂದ್ರಶೇಖರಯ್ಯನವರು ಪಕ್ಕದ ಮಂಚಕ್ಕೆ ಮೆಲ್ಲಗೆ ಕೇಳಿದರು: ‘ಅಮ್ಮಾ, ಒಂದು ನಂದು, ಒಂದು ನಿಮ್ಮದು. ಹೀಗೂ ಜೋಡಿ ಆಗುತ್ತಾ?’

ಶಿವಗಂಗಮ್ಮ ಮುದುಡಿದ ಸೆರಗನ್ನು ಕೈಯಲ್ಲಿ ತೀಡುತ್ತಾ ಅವರ ಕಡೆ ಬಾಗಿದರು.

‘ಎಸ್ರು ನೋಡ್ಬ್ಯಾಡಿ ಬೀಗ್ರೇ’ ಎಂದರು.